ಮೂಗು ಎಳೆದತ್ತ ಕಾಲು

2024ರ ಜುಲೈನಲ್ಲಿ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಬಳಿ ಒಂದು ಕೊಲೆ ನಡೆಯಿತು. ಶವ ಸಿಕ್ಕ ಜಾಗಕ್ಕೆ ದಾವಣಗೆರೆ ಪೊಲೀಸರು ತುಂಗಾ-2 ಎಂಬ ನಾಯಿಯನ್ನು ಕರೆತಂದರು. ವಾಸನೆ ಹಿಡಿದು ಹೊರಟ ನಾಯಿ ಸುಮಾರು 8 ಕಿ.ಮೀ. ಓಡಿ ಚನ್ನಾಪುರದ ಒಂದು ಮನೆಯ ಮುಂದೆ ನಿಂತಿತು. ಒಳಗೆ ಗಂಡನೇ ಹೆಂಡತಿಯ ಮೇಲೆ ಹಲ್ಲೆ ಮಾಡುತ್ತಿದ್ದ. ಪೊಲೀಸರು ಒಳನುಗ್ಗಿದ್ದರಿಂದ ಆಕೆಯ ಜೀವ ಉಳಿಯಿತು, ಕೊಲೆ ಆರೋಪಿಯೂ ಅಲ್ಲೇ ಸಿಕ್ಕಿಬಿದ್ದ.

ಅದೇ ವರ್ಷ ಅಕ್ಟೋಬರ್ ಕೊನೆಯ ವಾರ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಗೆ ಕನ್ನ ಬಿತ್ತು. ಜನ ಅಡವಿಟ್ಟಿದ್ದ ಸುಮಾರು 17 ಕೆ.ಜಿ. ಚಿನ್ನ ಹೋಯಿತು. ಕಳ್ಳರು ಹೊರಡುವ ಮುನ್ನ ಬ್ಯಾಂಕಿನ ಒಳಗೆಲ್ಲ ಖಾರದ ಪುಡಿ ಎರಚಿದ್ದರು. ನಾಯಿ ಬಂದರೆ ಅದರ ಮೂಗು ಕೆಲಸ ಮಾಡಬಾರದು ಎಂಬುದು ಅವರ ಲೆಕ್ಕ. 2025ರ ಮಾರ್ಚ್ ಹೊತ್ತಿಗೆ ಪೊಲೀಸರು ಆರೋಪಿಗಳನ್ನು ಹಿಡಿದು ತಮಿಳುನಾಡಿನ ಬಾವಿಯೊಂದರಿಂದ ಚಿನ್ನ ತೆಗೆದರು, ಆ ಮಾತು ಬೇರೆ.

ಒಂದೇ ಜಿಲ್ಲೆಯಲ್ಲಿ ನಾಲ್ಕು ತಿಂಗಳೊಳಗೆ ನಡೆದ ಈ ಎರಡೂ ಘಟನೆಗಳ ನಡುವೆ ಇರುವುದು ವಾಸನೆ. ನಾಯಿಯ ಮೂಗನ್ನು ಪೊಲೀಸರೂ ನಂಬುತ್ತಾರೆ, ಕಳ್ಳರೂ ನಂಬುತ್ತಾರೆ. ಮನುಷ್ಯನ ಮೂಗಿನ ಬಗ್ಗೆ ಮಾತ್ರ ನಮಗೆ ಅಂಥ ಗೌರವವಿಲ್ಲ. ನೆಗಡಿ ಬಂದಾಗ ನೆನಪಾಗುವ ಅಂಗ ಅದು. ಕೋವಿಡ್ ಕಾಲದಲ್ಲಿ ವಾಸನೆ ಕಳೆದುಕೊಂಡವರು ಸಾರಿಗೂ ಬಿಸಿನೀರಿಗೂ ವ್ಯತ್ಯಾಸ ತಿಳಿಯದೆ ಕಂಗಾಲಾಗಿದ್ದನ್ನು ಕಂಡ ಮೇಲೂ ಆ ಉದಾಸೀನ ಹೋಗಿಲ್ಲ.

ಆದರೆ ಮನುಷ್ಯನ ಮೂಗು ಅಷ್ಟು ಬಡವಲ್ಲ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ಸಾಕ್ಷಿ. ಹುಲ್ಲುಹಾಸಿನ ಮೇಲೆ ಚಾಕೊಲೇಟ್ ಪರಿಮಳ ಸವರಿದ 10 ಮೀಟರ್ ದಾರ ಹಾಸಿದರು. 32 ಮಂದಿಯ ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿ ಮುಚ್ಚಿ, ಮಂಡಿಯೂರಿಸಿ ಬಿಟ್ಟರು. ಮೂವರಲ್ಲಿ ಇಬ್ಬರು ಬರೀ ಮೂಗಿನಿಂದಲೇ ದಾರಿ ಹಿಡಿದು ಕೊನೆ ಮುಟ್ಟಿದರು. ನಾಯಿಯಂತೆಯೇ ಆಚೀಚೆ ಓಲಾಡುತ್ತ ಹೋದರು. ಒಂದೆರಡು ವಾರ ಅಭ್ಯಾಸ ಮಾಡಿಸಿದ ಮೇಲೆ ವೇಗವೂ ಹೆಚ್ಚಿತು. ಒಂದು ಹೊಳ್ಳೆ ಮುಚ್ಚಿದರೆ ಮಾತ್ರ ತಡವರಿಸಿದರು. ಮನುಷ್ಯನ ಮೂಗು ಮೊಂಡು ಎಂಬ ನಂಬಿಕೆ ಹತ್ತೊಂಬತ್ತನೇ ಶತಮಾನದ ಫ್ರೆಂಚ್ ವೈದ್ಯ ಪಾಲ್ ಬ್ರೋಕಾನ ಕಾಲದಿಂದ ಬಂದದ್ದು, ಅದಕ್ಕೆ ಆಧಾರವಿಲ್ಲ ಎಂದು ಜಾನ್ ಮೆಕ್‌ಗ್ಯಾನ್ ಎಂಬ ನರವಿಜ್ಞಾನಿ 2017ರಲ್ಲಿ ವಿವರವಾಗಿ ವಾದಿಸಿದ್ದಾರೆ.

ನಮ್ಮ ಮೂಗಿನ ಮೇಲ್ಭಾಗದಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಅವುಗಳ ವಂಶವಾಹಿಗಳನ್ನು 1991ರಲ್ಲಿ ಗುರುತಿಸಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಕಣ್ಣು ಕಂಡದ್ದು, ಕಿವಿ ಕೇಳಿದ್ದು ಮಿದುಳಿನ ಥಾಲಮಸ್ ಎಂಬ ಭಾಗವನ್ನು ಹಾದು ಮುಂದಕ್ಕೆ ಹೋಗುತ್ತವೆ. ವಾಸನೆಗೆ ಆ ಸುತ್ತು ಬೇಕಿಲ್ಲ. ಭಯ, ಇಷ್ಟಾನಿಷ್ಟ, ನೆನಪುಗಳನ್ನು ನೋಡಿಕೊಳ್ಳುವ ಭಾಗಗಳಿಗೆ ಅದು ಹತ್ತಿರದ ದಾರಿಯಲ್ಲೇ ತಲುಪುತ್ತದೆ. ಏನು ವಾಸನೆ ಎಂದು ಹೆಸರು ಹೊಳೆಯುವ ಮೊದಲೇ ಮುಖ ಕಿವುಚಿರುತ್ತದೆ, ಇಲ್ಲವೇ ಬಾಯಲ್ಲಿ ನೀರೂರಿರುತ್ತದೆ.

ಮುಖ ಕಿವುಚುವುದು ಸರಿ, ನಾವು ಮಾಡುವ ಕೆಲಸವನ್ನೂ ವಾಸನೆ ಬದಲಿಸುತ್ತದೆಯೇ? ನೆದರ್‌ಲೆಂಡ್ಸ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನಿಂಬೆ ವಾಸನೆಯ ನೆಲ ಒರೆಸುವ ದ್ರವವನ್ನು ಕಣ್ಣಿಗೆ ಬೀಳದಂತೆ ಇಟ್ಟ ಕೋಣೆಯಲ್ಲಿ ಕೂತು ಬಂದವರು ಬಿಸ್ಕತ್ತು ತಿನ್ನುವಾಗ ಮೇಜಿನ ಮೇಲೆ ಬಿದ್ದ ಪುಡಿಯನ್ನು ಹೆಚ್ಚು ಸಲ ಗುಡಿಸಿದರು. ವಾಸನೆ ತಮ್ಮ ಕೈಯನ್ನು ನಡೆಸಿತೆಂದು ಅವರಿಗೆ ಅನಿಸಿರಲಿಲ್ಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2023ರಲ್ಲಿ ಇನ್ನೂ ವಿಚಿತ್ರವಾದದ್ದನ್ನು ತೋರಿಸಿದರು. ಎದುರಾಳಿ ಮೋಸದಿಂದ ದುಡ್ಡು ಕಸಿದು ಕೆರಳಿಸುವ ಒಂದು ಕಂಪ್ಯೂಟರ್ ಆಟ. ಆಡುವ ಗಂಡಸರಿಗೆ ಒಮ್ಮೆ ಹೆಂಗಸರ ಕಣ್ಣೀರನ್ನು ಮೂಸಿಸಿದರು, ಇನ್ನೊಮ್ಮೆ ಬರೀ ಉಪ್ಪುನೀರನ್ನು. ಎರಡಕ್ಕೂ ಮೂಗಿಗೆ ತಿಳಿಯುವ ವಾಸನೆಯೇ ಇಲ್ಲ. ಆದರೂ ಕಣ್ಣೀರು ಮೂಸಿದಾಗ ಸೇಡು ತೀರಿಸುವ ವರ್ತನೆ ಶೇ 43.7ರಷ್ಟು ಇಳಿದಿತ್ತು.

ಇಂಥ ಫಲಿತಾಂಶ ಓದಿದ ಕೂಡಲೇ ಎಲ್ಲವನ್ನೂ ಮೂಗಿನ ತಲೆಗೆ ಕಟ್ಟುವ ಆಸೆ ಆಗುತ್ತದೆ. ಅಲ್ಲೇ ಎಚ್ಚರ ಬೇಕು. ಮೂಗು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಫ್ರಾನ್ಸ್‌ನ ಬೋರ್ಡೋದಲ್ಲಿ ವೈನ್ ಶಾಸ್ತ್ರವನ್ನೇ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಅದರ ಪರಿಮಳವನ್ನು ಕೆಂಪು ವೈನಿನ ಮಾತುಗಳಲ್ಲೇ ಬಣ್ಣಿಸಿದರು. ಕಣ್ಣು ಹೇಳಿದ್ದನ್ನು ಮೂಗು ಒಪ್ಪಿಕೊಂಡಿತ್ತು. 2005ರಲ್ಲಿ ಆಕ್ಸ್‌ಫರ್ಡ್‌ನವರು ಒಂದೇ ವಾಸನೆಯನ್ನು ‘ಚೀಸ್’ ಎಂಬ ಹೆಸರಿನಲ್ಲಿ ಕೊಟ್ಟಾಗ ಜನಕ್ಕೆ ಹಿತವೆನಿಸಿತು, ‘ಮೈ ಬೆವರು’ ಎಂದು ಕೊಟ್ಟಾಗ ಅಸಹ್ಯವೆನಿಸಿತು.

ಹಾಗಿದ್ದರೆ ಒಬ್ಬ ಮನುಷ್ಯ ಒಂದು ಕಡೆಗೆ ಹೆಜ್ಜೆ ಹಾಕಿದ್ದರಲ್ಲಿ ವಾಸನೆಯ ಪಾಲೆಷ್ಟು, ಕಣ್ಣಿನದೆಷ್ಟು, ಹೆಸರಿನದೆಷ್ಟು? ಹೊನ್ನಾಳಿಯ ಸಂತೆಯಲ್ಲಿ ನಿಂತು ಇದನ್ನು ಬಿಡಿಸಿ ನೋಡಲು ಸಾಧ್ಯವೇ ಇಲ್ಲ. ಮಿರ್ಚಿ ಕರಿಯುವ ಎಣ್ಣೆ, ಒಣಮೀನು, ಮಲ್ಲಿಗೆ ದಂಡೆ, ಬಸ್ಸಿನ ಡೀಸೆಲ್ ಹೊಗೆ, ನದಿ ಕಡೆಯಿಂದ ಬರುವ ತೇವದ ಗಾಳಿ, ಎಲ್ಲವೂ ಒಟ್ಟಿಗೆ. ಮಿರ್ಚಿ ಬಂಡಿಯತ್ತ ಒಬ್ಬ ತಿರುಗಿದರೆ ಅವನನ್ನು ಎಳೆದದ್ದು ಎಣ್ಣೆಯ ಘಮವೋ, ಚುಂಯ್ ಎಂಬ ಸದ್ದೋ, ಅಲ್ಲಿ ನಿಂತ ಗೆಳೆಯನೋ ಹೇಳುವವರಾರು? ಸರಿ, ಅವನನ್ನು ಪ್ರಯೋಗಾಲಯದ ಖಾಲಿ ಕೋಣೆಗೆ ಕರೆದೊಯ್ದು ಹತ್ತಿಯುಂಡೆ ಮೂಸಿಸಿದರೆ? ವಾಸನೆಯೇನೋ ಬೇರೆಯಾಯಿತು, ಆದರೆ ಅಲ್ಲಿ ಅವನು ಮಾಡುವುದಕ್ಕೆ ಏನೂ ಇಲ್ಲ. ಕುರ್ಚಿಯಲ್ಲಿ ಕೂತವನ ನಡವಳಿಕೆ ಸಂತೆಯಲ್ಲಿ ನಡೆಯುವವನ ನಡವಳಿಕೆ ಆಗಲಾರದು.

ವರ್ಚುವಲ್ ರಿಯಾಲಿಟಿ, ನಮ್ಮ ಹುಡುಗರ ಬಾಯಲ್ಲಿ ವಿಆರ್, ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಣ್ಣಿಗೆ ಕಟ್ಟಿಕೊಂಡ ಪರದೆಯಲ್ಲಿ ಸುತ್ತ ಒಂದು ಲೋಕ ಕಾಣುತ್ತದೆ. ತಲೆ ತಿರುಗಿಸಿದರೆ ಅದೂ ತಿರುಗುತ್ತದೆ, ಕೈ ಚಾಚಿದರೆ ವಸ್ತು ಸಿಗುತ್ತದೆ. ನೋಟವನ್ನು ಹಾಗೇ ಇಟ್ಟು ವಾಸನೆಯನ್ನಷ್ಟೇ ಬದಲಿಸಬಹುದು. ವಾಸನೆಯನ್ನು ಹಾಗೇ ಇಟ್ಟು ನೋಟವನ್ನಷ್ಟೇ ಬದಲಿಸಬಹುದು. ಆ ಮನುಷ್ಯ ಎಲ್ಲಿ ನಿಂತ, ಯಾವ ಕಡೆ ಎಷ್ಟು ಕ್ಷಣ ನೋಡಿದ, ಏನನ್ನು ಎತ್ತಿಕೊಂಡ ಎಂಬುದೆಲ್ಲ ತಾನಾಗಿ ದಾಖಲಾಗುತ್ತದೆ. ‘ನಿಮಗೆ ಹೇಗನಿಸಿತು’ ಎಂದು ಕೇಳಿ ಬರೆದುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ವಾಸನೆಯ ವಿಷಯದಲ್ಲಿ ಜನ ಹೇಳುವುದು ಒಂದು, ಮಾಡುವುದು ಇನ್ನೊಂದು.

ಈ ಬಗೆಯ ಕೆಲಸದ ಬಹಳ ಸೊಗಸಾದ ಒಂದು ಉದಾಹರಣೆ ನಮ್ಮ ಬೆಂಗಳೂರಿನದೇ. ಪ್ರಯೋಗಕ್ಕೆ ಕೂತದ್ದು ಮನುಷ್ಯನಲ್ಲ, ನೊಣ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ, ಎನ್‌ಸಿಬಿಎಸ್ ಎಂದೇ ಪ್ರಸಿದ್ಧವಾದ ಸಂಸ್ಥೆಯಲ್ಲಿ, ಪವನ್ ಕುಮಾರ್ ಕೌಶಿಕ್, ಮರಿಯನ್ ರೆಂಜ್ ಮತ್ತು ಶಾನನ್ ಓಲ್ಸನ್ ಕೀಟಗಳಿಗಾಗಿ ಒಂದು ವಿಆರ್ ಲೋಕ ಕಟ್ಟಿದರು. ಅದರ ವರದಿ 2020ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂತು. ಸೇಬಿನ ಹಣ್ಣುನೊಣವನ್ನು ಅಲುಗದಂತೆ ಒಂದು ಕಡೆ ಹಿಡಿದು ನಿಲ್ಲಿಸುತ್ತಾರೆ. ರೆಕ್ಕೆ ಮಾತ್ರ ಬಡಿಯುತ್ತಿರುತ್ತದೆ. ಸುತ್ತಲಿನ ಪರದೆಗಳಲ್ಲಿ ಹುಲ್ಲು, ಮರ, ಆಕಾಶ. ನೊಣ ತಿರುಗಬೇಕೆಂದಾಗ ಎಡಬಲ ರೆಕ್ಕೆಗಳ ಬಡಿತದಲ್ಲಿ ವ್ಯತ್ಯಾಸ ಬರುತ್ತದೆ. ಕ್ಯಾಮೆರಾ ಅದನ್ನು ಗುರುತಿಸಿದೊಡನೆ ಪರದೆಯ ಲೋಕ ಅದಕ್ಕೆ ತಕ್ಕಂತೆ ಹೊರಳುತ್ತದೆ. ನೊಣದ ಮಟ್ಟಿಗೆ ಅದು ತೋಟದಲ್ಲಿ ಹಾರುತ್ತಿದೆ. ಅದರ ಜೊತೆಗೆ ಬೇಕಾದ ದಿಕ್ಕಿನಿಂದ ಗಾಳಿ ಬೀಸುವ ಏರ್ಪಾಡು, ಆ ಗಾಳಿಗೆ ಹಣ್ಣಿನ ವಾಸನೆ ಬೆರೆಸುವ ಏರ್ಪಾಡು. ನೋಟ, ಗಾಳಿ, ವಾಸನೆ ಮೂರೂ ವಿಜ್ಞಾನಿಯ ಕೈಯಲ್ಲಿ, ಒಂದಕ್ಕೊಂದು ತೊಡರದಂತೆ.

ನೊಣ ದೂರದ ಮರವನ್ನೂ ಹತ್ತಿರದ ಮರವನ್ನೂ ಬೇರ್ಪಡಿಸಿ ಗುರುತಿಸಿತು. ವಾಸನೆಯ ಜಾಡು ಹಿಡಿದು ಹಾರಬೇಕಾದರೆ ಮಾತ್ರ ಅದಕ್ಕೆ ವಾಸನೆಯೊಂದೇ ಸಾಲದು, ಗಾಳಿಯ ದಿಕ್ಕೊಂದೇ ಸಾಲದು; ಎರಡೂ ಒಂದೇ ಹೊತ್ತಿಗೆ ಸಿಗಬೇಕು. ಹೊರಗಿನ ಬಯಲಲ್ಲಿ ಗಾಳಿಯಿಂದ ವಾಸನೆಯನ್ನು ಕಿತ್ತು ಬೇರೆ ಮಾಡುವುದು ಯಾರಿಂದ ಸಾಧ್ಯ? ಕಲ್ಪಿತ ಲೋಕ ಇದ್ದುದರಿಂದಲೇ ಇದು ಹೀಗೆ ತಿಳಿದುಬಂತು. ಸಂತೇಬೆನ್ನೂರು ಸುತ್ತಿನ ಮಾವಿನ ಬೆಳೆಗಾರರಿಗೆ ಇದು ದೂರದ ವಿಷಯವಲ್ಲ. ಅವರ ಹಣ್ಣಿಗೆ ಹುಳ ಬೀಳಿಸುವ ಮಾವಿನ ಹಣ್ಣುನೊಣ ಇದೇ ಕುಟುಂಬದ್ದು. ತೋಟದಲ್ಲಿ ನೇತುಹಾಕುವ ಮೋಹಕ ಬಲೆಯೊಳಗಿನ ಮೀಥೈಲ್ ಯೂಜಿನಾಲ್ ಗಂಡು ನೊಣಗಳನ್ನು ವಾಸನೆಯಿಂದಲೇ ಕರೆದು ಬಲೆಗೆ ಬೀಳಿಸುತ್ತದೆ. ಬಲೆಯನ್ನು ಗಾಳಿಯ ಯಾವ ಮಗ್ಗುಲಿಗೆ ಕಟ್ಟಬೇಕೆಂಬ ಪ್ರಶ್ನೆಗೂ ಆ ಪ್ರಯೋಗಕ್ಕೂ ನೇರ ಸಂಬಂಧವಿದೆ.

ಮನುಷ್ಯರ ಮೇಲಿನ ಪ್ರಯೋಗಗಳು ಇಷ್ಟು ಚೊಕ್ಕವಾಗಿ ನಡೆದಿಲ್ಲ. 1999ರಲ್ಲಿ ಅಮೆರಿಕದಲ್ಲಿ 300ಕ್ಕೂ ಹೆಚ್ಚು ಮಂದಿಯನ್ನು ಕಲ್ಪಿತ ಕಚೇರಿಯೊಂದರಲ್ಲಿ ಓಡಾಡಿಸಿ ಕಾಫಿಯ ಘಮ ಹಾಯಿಸಿ ನೋಡಿದರು. ಸದ್ದು ಮತ್ತು ಸ್ಪರ್ಶದಿಂದ ‘ನಾನು ನಿಜಕ್ಕೂ ಅಲ್ಲಿದ್ದೇನೆ’ ಎಂಬ ಭಾವ ಹೆಚ್ಚಿತು. ಕಾಫಿಯಿಂದ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಆಲಿವರ್ ಬಾವುಸ್ ಮತ್ತು ಸ್ಟೆಫಾನ್ ಬುಷಾರ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಲ್ಪಿತ ಅಡುಗೆಮನೆಯೊಳಗೆ ಕೆಲವರಿಗೆ ಒಳ್ಳೆಯ ಘಮ, ಕೆಲವರಿಗೆ ಕೆಟ್ಟ ನಾತ ಕೊಟ್ಟರು. ತಾವು ಅಲ್ಲೇ ಇದ್ದೇವೆಂಬ ಭಾವ ಹೆಚ್ಚಿಸಿದ್ದು ನಾತ. ಇದರಲ್ಲಿ ನನಗೆ ಆಶ್ಚರ್ಯವಿಲ್ಲ. ಪರಿಮಳವನ್ನು ಗಮನಿಸದೆ ಇರಬಹುದು, ಸೀದ ವಾಸನೆಯನ್ನು ಗಮನಿಸದಿದ್ದರೆ ಮನೆಯೇ ಹೊತ್ತಿಕೊಳ್ಳಬಹುದು. ಮೂಗು ಇರುವುದೇ ಮೊದಲು ಅಪಾಯ ತಿಳಿಸಲು.

ಅಪಾಯದ ನೆನಪನ್ನು ಗುಣಪಡಿಸಲೂ ಇದೇ ದಾರಿ ಬಳಕೆಯಾಗಿದೆ. ಇರಾಕ್ ಯುದ್ಧದಿಂದ ಮರಳಿ, ರಾತ್ರಿ ಬೆಚ್ಚಿ ಏಳುತ್ತಿದ್ದ ಸೈನಿಕರಿಗೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಕಿಪ್ ರಿಜೊ ತಂಡ ವಿಆರ್ ಚಿಕಿತ್ಸೆ ರೂಪಿಸಿತು. ಚಿಕಿತ್ಸಕರ ಜೊತೆಯಲ್ಲಿ ಕೂತು ಆ ಬೀದಿಗಳನ್ನು ಮತ್ತೆ ನೋಡುವಾಗ ಡೀಸೆಲ್, ಸುಟ್ಟ ರಬ್ಬರ್, ಮದ್ದಿನ ವಾಸನೆಗಳನ್ನೂ ಸ್ವಲ್ಪಸ್ವಲ್ಪವೇ ಬಿಡುತ್ತಾರೆ.

ನ್ಯಾಮತಿಯ ಖಾರದ ಪುಡಿಗೂ ಈ ಲೋಕದಲ್ಲಿ ಒಂದು ಜಾಗವಿದೆ. ಮೆಣಸಿನ ಘಾಟು ನಿಜವಾಗಿ ವಾಸನೆಯೇ ಅಲ್ಲ. ಅದು ಮೂಗಿನ ವಾಸನೆ ನರದಲ್ಲಿ ಹೋಗುವುದಿಲ್ಲ; ಮುಖದ ಉರಿ, ನೋವು, ಬಿಸಿಯನ್ನು ತಿಳಿಸುವ ಟ್ರೈಜೆಮಿನಲ್ ನರದಲ್ಲಿ ಹೋಗುತ್ತದೆ. ಮೆಣಸಿನ ಕ್ಯಾಪ್ಸೈಸಿನ್ ತಟ್ಟುವುದು ಬಿಸಿಯನ್ನು ಗುರುತಿಸುವ ಗ್ರಾಹಕವನ್ನೇ. ಆ ಗ್ರಾಹಕವನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ಒಗ್ಗರಣೆಗೆ ಒಣಮೆಣಸು ಹೆಚ್ಚಾದಾಗ ನಡುಮನೆಯಲ್ಲಿದ್ದವರೆಲ್ಲ ಕೆಮ್ಮುತ್ತ ಅಂಗಳಕ್ಕೆ ಬರುವುದು ಈ ನರದ ದೆಸೆಯಿಂದ. ಶಿಕಾಗೋ ವಿಶ್ವವಿದ್ಯಾಲಯದ ಜ್ಯಾಸ್ ಬ್ರೂಕ್ಸ್ ಮತ್ತು ಸಂಗಡಿಗರು 2020ರಲ್ಲಿ ಇದನ್ನೇ ಬಳಸಿ ವಿಆರ್ ಕನ್ನಡಕಕ್ಕೆ ಒಂದು ಪುಟ್ಟ ಸಾಧನ ಜೋಡಿಸಿದರು. ಕ್ಯಾಪ್ಸೈಸಿನ್ ಸೋಕಿದರೆ ಬೆಚ್ಚಗಾದಂತೆ, ನೀಲಗಿರಿ ಎಣ್ಣೆಯಲ್ಲಿರುವ ಯೂಕಲಿಪ್ಟಾಲ್ ಸೋಕಿದರೆ ಚಳಿಯಾದಂತೆ ಅನಿಸುತ್ತದೆ. ಕೋಣೆಯ ಉಷ್ಣಾಂಶ ಮಾತ್ರ ಇದ್ದಲ್ಲೇ ಇರುತ್ತದೆ.

ತಾಂತ್ರಿಕ ತೊಡಕು ಬೇಕಾದಷ್ಟಿವೆ. ಪರದೆಯ ಚಿತ್ರವನ್ನು ಕಣ್ಣು ಮಿಟುಕಿಸುವುದರೊಳಗೆ ಅಳಿಸಬಹುದು, ಬಿಟ್ಟ ವಾಸನೆಯನ್ನು ಹಿಂದಕ್ಕೆ ಕರೆಯಲಾಗದು. ಅದು ಬಟ್ಟೆಗೆ, ಕೂದಲಿಗೆ, ಗೋಡೆಗೆ ಹತ್ತಿ ಕೂರುತ್ತದೆ. ಮುಂದಿನ ವಾಸನೆ ಅದರೊಡನೆ ಬೆರೆತು ಮೂರನೆಯದಾಗುತ್ತದೆ. ಮೂಗಿಗಂತೂ ಕೆಲವೇ ನಿಮಿಷಗಳಲ್ಲಿ ಅದು ರೂಢಿಯಾಗಿ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಒಳ್ಳೆಯ ಸಾಧನಗಳು ಶುದ್ಧ ಗಾಳಿಯ ಹರಿವಿನಲ್ಲಿ ಚಿಟಿಕೆಯಷ್ಟು ವಾಸನೆ ಬಿಟ್ಟು ಕೂಡಲೇ ಎಳೆದುಕೊಳ್ಳುತ್ತವೆ. ಸ್ವೀಡನ್ನಿನ ಸ್ಟಾಕ್‌ಹೋಮ್ ಮತ್ತು ಮಾಲ್ಮೋ ವಿಶ್ವವಿದ್ಯಾಲಯಗಳವರು 2022ರಲ್ಲಿ ಅಂಥದೊಂದನ್ನು ಆಟದ ಕೈಹಿಡಿಗೇ ಜೋಡಿಸಿದರು. ನಾಲ್ಕು ಕವಾಟ, ನಡುವೆ ಒಂದು ಫ್ಯಾನ್. ಕಲ್ಪಿತ ನೆಲಮಾಳಿಗೆಯಲ್ಲಿ ವೈನ್ ಲೋಟ ಎತ್ತಿ ಮೂಗಿನ ಬಳಿ ತಂದಾಗ ಕವಾಟಗಳು ಬೇಕಾದಷ್ಟೇ ತೆರೆದು ಪರಿಮಳ ಬೆರೆಸುತ್ತವೆ. ಅದರ ನಕ್ಷೆಗಳನ್ನು ಯಾರು ಬೇಕಾದರೂ ತ್ರೀಡಿ ಪ್ರಿಂಟರ್‌ನಲ್ಲಿ ಮಾಡಿಕೊಳ್ಳಲೆಂದು ಬಿಟ್ಟುಕೊಟ್ಟಿದ್ದಾರೆ. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರಿಗೆ ಇದು ಕೈಗೆಟುಕದ ಕೆಲಸವೇನಲ್ಲ.

ಅವರಿಗೆ ನನ್ನದೊಂದು ಬಿನ್ನಹ: ವೈನಿನ ನೆಲಮಾಳಿಗೆ ಬೇಡ, ಚನ್ನಗಿರಿಯ ಅಡಿಕೆ ಕಣ ಕಟ್ಟಿ. ಕೊಯ್ಲಿನ ದಿನಗಳಲ್ಲಿ ಹಸಿ ಅಡಿಕೆ ಸುಲಿದು, ಚೊಗರು (ಹಿಂದೆ ಅಡಿಕೆ ಬೇಯಿಸಿ ಉಳಿದ ರಸ) ಬೆರೆಸಿದ ನೀರಿನ ಹಂಡೆಯಲ್ಲಿ ಬೇಯಿಸುವಾಗ ಏಳುವ ಆವಿಗೆ ಒಗರು ವಾಸನೆ. ಬೆಂದ ಅಡಿಕೆ ಬಿಸಿಲಲ್ಲಿ ಹರಡಿದಾಗ ಅದೇ ವಾಸನೆ ಒಣಗುತ್ತ ಬೇರೆಯಾಗುತ್ತದೆ. ನಡುವೆ ಮಳೆ ಹಿಡಿದರೆ ಮುಗ್ಗಲು. ರಸ್ತೆ ಬದಿಗೆ ಸುರಿದ ಸಿಪ್ಪೆ ಕೊಳೆತರೆ ಇನ್ನೊಂದು, ಅದಕ್ಕೆ ಬೆಂಕಿಯಿಟ್ಟರೆ ಮತ್ತೊಂದು. ಆ ಊರಿನವರು ಕಣ್ಣು ಮುಚ್ಚಿ ಇವನ್ನೆಲ್ಲ ಹೇಳಬಲ್ಲರು. ಪರದೆಯ ಮೇಲೆ ಒಂದೇ ಬಣ್ಣ, ಒಂದೇ ಗಾತ್ರದ ಎರಡು ಅಡಿಕೆ ರಾಶಿ ತೋರಿಸಿ. ಒಂದರ ಬಳಿ ಬಾಗಿದಾಗ ಒಣಗಿದ ಅಡಿಕೆಯ ವಾಸನೆ ಬರಲಿ, ಇನ್ನೊಂದರ ಬಳಿ ಗೊತ್ತಾಗುವುದಕ್ಕೂ ಗೊತ್ತಾಗದಿರುವುದಕ್ಕೂ ನಡುವಿನಷ್ಟು ಮುಗ್ಗಲು ಬರಲಿ. ಫಸಲು ಗುತ್ತಿಗೆ ಹಿಡಿಯುವ ಖೇಣಿದಾರರನ್ನೂ ಬೆಳೆಗಾರರನ್ನೂ ಕರೆದು ಧಾರಣೆ ಹೇಳಿಸಿ. ರಾಶಿಯ ಎದುರು ಎಷ್ಟು ಹೊತ್ತು ನಿಂತರು, ಎಷ್ಟು ಸಲ ಕೈಗೆತ್ತಿಕೊಂಡರು, ದರ ಎಷ್ಟಕ್ಕೆ ಇಳಿಸಿದರು, ಇಳಿಸಿದ್ದಕ್ಕೆ ಏನು ಕಾರಣ ಕೊಟ್ಟರು, ಬರೆದಿಟ್ಟುಕೊಳ್ಳಿ. ಕೊಟ್ಟ ಕಾರಣದಲ್ಲಿ ವಾಸನೆಯ ಸುದ್ದಿಯೇ ಇರದೆ, ಬಣ್ಣ ಮಂಕು, ಗಾತ್ರ ಸಾಲದು ಎಂಬ ಮಾತು ಬಂದರೆ ಆಗ ಮೂಗಿನ ಗುಟ್ಟು ಹೊರಬಿದ್ದಂತೆ. ಲಕ್ಷಾಂತರ ರೂಪಾಯಿ ವ್ಯವಹಾರ ತೂಗುವ ಇಂಥ ತೀರ್ಮಾನಗಳನ್ನು ಅರಿತುಕೊಳ್ಳುವುದು ನಿಂಬೆ ವಾಸನೆಯ ಬಿಸ್ಕತ್ತು ಪುಡಿಗಿಂತ ನಮಗೆ ಹೆಚ್ಚು ಬೇಕಾದದ್ದು.

ಇನ್ನೊಂದು ಕೆಲಸ ಅದಕ್ಕಿಂತ ತುರ್ತಿನದು. ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದು ಈಥೈಲ್ ಮರ್ಕ್ಯಾಪ್ಟಾನ್ ಬೆರೆಸಿರುತ್ತಾರೆ. ಆ ವಾಸನೆ ಬಂದಾಗ ಮಾಡಬೇಕಾದದ್ದು ಇಷ್ಟೇ: ಸ್ವಿಚ್ ಮುಟ್ಟಬಾರದು, ಬೆಂಕಿ ಗೀರಬಾರದು, ರೆಗ್ಯುಲೇಟರ್ ಮುಚ್ಚಿ ಬಾಗಿಲು ಕಿಟಕಿ ತೆರೆದು ಹೊರಬರಬೇಕು. ಗೊತ್ತಿದ್ದವರೂ ಗಾಬರಿಯಲ್ಲಿ ಮೊದಲು ಕೈ ಹಾಕುವುದು ಲೈಟಿನ ಸ್ವಿಚ್ಚಿಗೇ. ಭಿತ್ತಿಪತ್ರ ಓದಿಸಿ ಈ ಚಾಳಿ ಬಿಡಿಸುವುದು ಕಷ್ಟ. ಕಲ್ಪಿತ ಅಡುಗೆಮನೆಯಲ್ಲಿ, ಕತ್ತಲೆಯಲ್ಲಿ, ಆ ವಾಸನೆ ನಿಜಕ್ಕೂ ಮೂಗಿಗೆ ಬಡಿದಾಗ ಕೈ ಎಲ್ಲಿಗೆ ಹೋಗುತ್ತದೆಂದು ನೋಡಿ ತಿದ್ದಬಹುದು. ಬೆಂಗಳೂರಿನ ನೊಣ ಕಲಿಸಿದ ಪಾಠವನ್ನು ಇಲ್ಲಿ ಮರೆಯಬಾರದು: ವಾಸನೆಯನ್ನು ಮೂಗಿನ ಬುಡಕ್ಕೇ ತಂದು ಊದಿದರೆ ಸಾಲದು, ಅದು ಯಾವ ಕಡೆಯ ಗಾಳಿಯಲ್ಲಿ ಬರುತ್ತಿದೆಯೋ ಆ ಕಡೆಯಿಂದಲೇ ಬರಬೇಕು. ಸೋರಿಕೆಯ ಮೂಲ ಹುಡುಕುವವನಿಗೆ ದಿಕ್ಕೇ ಮುಖ್ಯ.

ಇದೇ ವಿದ್ಯೆ ಅಂಗಡಿಯವರ ಕೈಗೂ ಹೋಗುತ್ತದೆ, ಹೋಗಿಯೂ ಇದೆ. ಗಿರಾಕಿ ಹೆಚ್ಚು ಹೊತ್ತು ನಿಲ್ಲಲೆಂದು ಮಾಲ್‌ಗಳಲ್ಲಿ ಗಾಳಿಗೆ ಪರಿಮಳ ಬೆರೆಸುವುದು ಹೊಸದಲ್ಲ. ಕಣ್ಣಿಗೆ ಬೀಳುವ ಜಾಹೀರಾತನ್ನು ನೋಡದೆ ಮುಖ ತಿರುಗಿಸಬಹುದು, ಉಸಿರಾಡದೆ ಇರಲಾಗುವುದಿಲ್ಲ. ಆದ್ದರಿಂದ ವಾಸನೆಯಿಂದ ಜನರ ನಡೆಯನ್ನು ತಿರುಗಿಸುವವರು ಅದನ್ನು ಮೊದಲೇ ಹೇಳಬೇಕೆಂದು ನನ್ನ ಗಟ್ಟಿ ಅಭಿಪ್ರಾಯ. ಪ್ರಯೋಗಾಲಯದಲ್ಲಿ ಒಪ್ಪಿಗೆ ಪಡೆಯದೆ ಯಾರ ಮೂಗಿಗೂ ಏನನ್ನೂ ಹಿಡಿಯುವಂತಿಲ್ಲ. ಆ ನಿಯಮ ಅಂಗಡಿಯ ಬಾಗಿಲಲ್ಲಿ ನಿಂತುಹೋಗಬಾರದು.

ಇಂಥ ಪ್ರಯೋಗಗಳಿಗೆ ಯಾವ ವಾಸನೆಗಳನ್ನು ಆರಿಸಬೇಕು ಎಂಬುದೂ ಸಣ್ಣ ಪ್ರಶ್ನೆಯಲ್ಲ. ಘ್ರಾಣಶಕ್ತಿ ಅಳೆಯಲು ವೈದ್ಯರು ಬಹುಕಾಲದಿಂದ ಬಳಸುವ, ಪೆನ್ಸಿಲ್ವೇನಿಯಾದಲ್ಲಿ ರಿಚರ್ಡ್ ಡಾಟಿ 1980ರ ದಶಕದಲ್ಲಿ ರೂಪಿಸಿದ ಪರೀಕ್ಷೆಯಲ್ಲಿ 40 ವಾಸನೆಗಳಿವೆ. ಅವುಗಳಲ್ಲಿ ಕುಂಬಳಕಾಯಿ ಪೈ ಇದೆ, ರೂಟ್ ಬಿಯರ್ ಎಂಬ ಅಮೆರಿಕದ ಪಾನೀಯವಿದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ನಡುಗುವುದಕ್ಕೆ ವರ್ಷಗಳ ಮೊದಲೇ ವಾಸನೆ ಕುಂದುವುದುಂಟು, ಹಾಗಾಗಿ ಈ ಪರೀಕ್ಷೆಗೆ ಬೆಲೆಯಿದೆ. ಆದರೆ ಜಗಳೂರಿನ ಅಜ್ಜಿಯೊಬ್ಬರು ರೂಟ್ ಬಿಯರ್ ಗುರುತಿಸಲಿಲ್ಲವೆಂದು ಅವರ ಮೂಗಿಗೆ ಕಾಯಿಲೆ ಹಚ್ಚುವುದು ಅನ್ಯಾಯ. ಅದೇ ಅಜ್ಜಿ ಬರಗಾಲದ ಆ ಸೀಮೆಯಲ್ಲಿ ಮೊದಲ ಮಳೆ ಎಲ್ಲೋ ದೂರದಲ್ಲಿ ಬಿದ್ದರೂ ಇಲ್ಲಿಂದಲೇ ಹೇಳುತ್ತಾರೆ. ಮಣ್ಣಿನ ಆ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ಮನುಷ್ಯನ ಮೂಗು ಲಕ್ಷ ಕೋಟಿಯಲ್ಲಿ ಕೆಲವೇ ಭಾಗದಷ್ಟಿದ್ದರೂ ಹಿಡಿಯಬಲ್ಲದು. ಮಣ್ಣಿನ ಸೂಕ್ಷ್ಮಜೀವಿಗಳು ಮಾಡುವ ಈ ವಸ್ತು ಸೀಸೆಯಲ್ಲಿ ಕೊಳ್ಳಲೂ ಸಿಗುತ್ತದೆ.

ನಮ್ಮ ದಾವಣಗೆರೆ ಜಿಲ್ಲೆಗೆ ಒಂದು ವಾಸನೆ ಪಟ್ಟಿ ಮಾಡಬೇಕಾದರೆ ಮಳೆ ಬಿದ್ದ ಮಣ್ಣಿನ ಆ ವಾಸನೆ ಮೊದಲನೆಯದಾಗಲಿ. ಆಮೇಲೆ ಚೊಗರು, ಸೀದ ಹಾಲು, ಬೆಣ್ಣೆ ಕಾಯಿಸಿದ ತುಪ್ಪ, ಹುಣಸೆಹಣ್ಣು, ಸೀಮೆಎಣ್ಣೆ, ಸೆಗಣಿ ಸಾರಿಸಿದ ನೆಲ, ಬೇವಿನ ಹೊಗೆ, ಹಸಿ ಮೆಕ್ಕೆಜೋಳದ ತೆನೆ, ಭತ್ತದ ಗದ್ದೆಯ ನಿಂತ ನೀರು, ಹೊಸ ಸೀರೆಯ ಗಂಜಿ. ಹೊನ್ನಾಳಿಯ ಕಾಲೇಜಿನ ರಸಾಯನಶಾಸ್ತ್ರದ ಮಕ್ಕಳು ಈ ಪಟ್ಟಿ ಹಿಡಿದು ತಂತಮ್ಮ ಮನೆಯ ಹಿರಿಯರ ಮುಂದೆ ಕೂತು, ಯಾವುದು ಎಷ್ಟು ಬೇಗ ಗೊತ್ತಾಗುತ್ತದೆ, ಯಾವುದು ಗೊತ್ತೇ ಆಗುವುದಿಲ್ಲ ಎಂದು ಕೇಳಿ ಬರೆದುಕೊಂಡರೆ ಮುಂದಿನ ಪ್ರಯೋಗಕ್ಕೆ ಬೇಕಾದ ಮೊದಲ ಸಾಮಗ್ರಿ ಸಿದ್ಧವಾಗುತ್ತದೆ. ಅದಕ್ಕೆ ಕನ್ನಡಕವೂ ಬೇಡ, ಕಂಪ್ಯೂಟರೂ ಬೇಡ, ಬಿಗಿ ಮುಚ್ಚಳದ ಹತ್ತಾರು ಸೀಸೆ ಸಾಕು.